ಸಮ್ಮತಿಸಿದ ಮಾತ್ರಕ್ಕೆ ತೀರಿತೆ?

ಇಂದ್ರಿಯಗಳಲ್ಲೆಲ್ಲ ಕಣ್ಣೇ ಮುಖ್ಯವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮಕ್ಕಳನ್ನು ಸಾಕಿದ ಬಗೆಯನ್ನು ಹೇಳುವಾಗ ‘ಕಣ್ಣನ್ನು ರೆಪ್ಪೆ ಕಾಯುವ ಹಾಗೆ ಕಾಯ್ದೆವು’ ಎನ್ನುತ್ತೇವೆ. ಅಷ್ಟು ಬೆಲೆಯುಳ್ಳ ಕಣ್ಣಿನ ವಿಷಯದಲ್ಲಿ, ಒಂದು ಸಣ್ಣ ಅನುಕೂಲಕ್ಕಾಗಿ ಎಷ್ಟು ಅಪಾಯವನ್ನು ಮೈಮೇಲೆ ಹಾಕಿಕೊಳ್ಳಬಹುದು? ಹಾಗೆ ಹಾಕಿಕೊಳ್ಳಲು ಸಿದ್ಧರಾಗಿ ಬಂದವರಿಗೆ, ವಿಷಯ ಬಲ್ಲವರು ಅದನ್ನು ಕೊಡಬಹುದೆ? ಈ ಎರಡು ಪ್ರಶ್ನೆಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ನೇತ್ರವೈದ್ಯನಲ್ಲ, ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತ. ಕಾಲೇಜಿನಲ್ಲಿ ಓದಿದ ವಿಜ್ಞಾನ ಅಲ್ಪಸ್ವಲ್ಪ ನೆನಪಿದೆ, ಅಂಕಿಗಳನ್ನು ಕೂಡಿ ಕಳೆಯುವ ಅಭ್ಯಾಸವಿದೆ. ಈ ಬಂಡವಾಳದಿಂದಲೇ ಬರೆಯುತ್ತಿದ್ದೇನೆ.

ಪ್ಯಾರೀಸ್ ಕಾರ್ನರ್ ನಮ್ಮ ಓದುಗರಿಗೆಲ್ಲ ಪರಿಚಿತ. 1788ರಲ್ಲಿ ಮದರಾಸಿಗೆ ಬಂದು ವ್ಯಾಪಾರ ಹೂಡಿದ ಥಾಮಸ್ ಪ್ಯಾರಿಯ ಹೆಸರನ್ನು ಹೊತ್ತ ಈ ಮೂಲೆಯಲ್ಲಿ ಸಿಗದ ಸಾಮಾನಿಲ್ಲ ಎನ್ನುತ್ತಾರೆ. ಹೈಕೋರ್ಟಿನ ಕೆಂಪು ಗೋಪುರಗಳಿಗೆ ಬೆನ್ನು ಹಾಕಿ ಎನ್.ಎಸ್.ಸಿ. ಬೋಸ್ ರಸ್ತೆ, ರತ್ತನ್ ಬಜಾರ್ ಕಡೆ ನಡೆದರೆ ಕನ್ನಡಕದ ಅಂಗಡಿಗಳು ಒಂದರ ಪಕ್ಕದಲ್ಲೊಂದು ಕಾಣುತ್ತವೆ. ಫ್ರೇಮುಗಳ ನಡುವೆ ಕಾಂಟ್ಯಾಕ್ಟ್ ಲೆನ್ಸಿನ ಪುಟ್ಟ ಪೆಟ್ಟಿಗೆಗಳೂ ಇರುತ್ತವೆ. ದಿನಕ್ಕೊಂದು ಬಿಸಾಡುವಂಥದು, ಹದಿನೈದು ದಿನಕ್ಕೆ ಬಿಸಾಡುವಂಥದು, ತಿಂಗಳಿಗೊಂದು, ಬಣ್ಣದ್ದು, ಹೀಗೆ ಹಲವು ಬಗೆ. ಅವುಗಳಲ್ಲಿ ಒಂದು ಬಗೆಯನ್ನು ಹಾಕಿಕೊಂಡೇ ಮಲಗಬಹುದು; ವಾರಗಟ್ಟಲೆ, ಕೆಲವನ್ನು ಮೂವತ್ತು ದಿನ, ಹಗಲು ರಾತ್ರಿ ಕಣ್ಣಿನಲ್ಲೇ ಇಟ್ಟುಕೊಳ್ಳಬಹುದು. ಪ್ರಶ್ನೆ ಹುಟ್ಟುವುದು ಈ ಬಗೆಯಿಂದಲೇ.

ಅಗತ್ಯವಾಗಿ ಹುಟ್ಟಿ ಅನುಕೂಲವಾದದ್ದು

ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸು ಇಂದಿನ ರೂಪ ಪಡೆದ ಕಥೆ ಸ್ವಾರಸ್ಯವಾಗಿದೆ. ಝೆಕೊಸ್ಲೊವಾಕಿಯದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ 1961ರ ಕ್ರಿಸ್‌ಮಸ್ ಸಮಯದಲ್ಲಿ, ಮಕ್ಕಳ ಆಟದ ಮೆಕ್ಯಾನೊ ಬಗೆಯ ತುಂಡುಗಳನ್ನೂ ಸೈಕಲ್ಲಿನ ಡೈನಮೊವನ್ನೂ ಜೋಡಿಸಿ ತನ್ನ ಮನೆಯ ಅಡಿಗೆಮನೆಯಲ್ಲೇ ಒಂದು ಯಂತ್ರ ಮಾಡಿಕೊಂಡು, ನೀರು ಹೀರುವ ಪ್ಲಾಸ್ಟಿಕ್ಕಿನಿಂದ ಮೊದಲ ನಾಲ್ಕು ಲೆನ್ಸುಗಳನ್ನು ತಯಾರಿಸಿದ. ಅಮೆರಿಕದಲ್ಲಿ 1971ರಲ್ಲಿ ಈ ಜಾತಿಯ ಲೆನ್ಸಿಗೆ ಅನುಮತಿ ದೊರೆಯಿತು. ಆಗ ಅದು ಹಗಲು ಹಾಕಿಕೊಂಡು ರಾತ್ರಿ ತೆಗೆದಿಡುವಂಥದಾಗಿತ್ತು.

ಹಗಲು ರಾತ್ರಿ ಕಣ್ಣಿನಲ್ಲೇ ಇರುವ ಲೆನ್ಸಿನ ಯೋಚನೆ ಮುಖ್ಯವಾಗಿ ಬಂದದ್ದು ಮುದುಕರ ಕಷ್ಟದಿಂದ. ಪೊರೆ ತೆಗೆಸಿಕೊಂಡವರ ಕಣ್ಣೊಳಗೆ ಕೃತಕ ಮಸೂರ ಇಡುವ ಪದ್ಧತಿ ಆಗಿನ್ನೂ ಸಾಮಾನ್ಯವಾಗಿರಲಿಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಹಳ್ಳಿ ಹಳ್ಳಿಯಲ್ಲಿ ಶಿಬಿರ ನಡೆಸಿ ಅಸಂಖ್ಯಾತ ಬಡವರ ಪೊರೆ ತೆಗೆದ ಕಾಲವನ್ನು ನಮ್ಮಲ್ಲಿ ಹಿರಿಯರು ಬಲ್ಲರು. ಶಸ್ತ್ರಚಿಕಿತ್ಸೆಯ ನಂತರ ಅಜ್ಜ ಅಜ್ಜಿಯರು ಸೀಸೆಯ ತಳದಷ್ಟು ದಪ್ಪದ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಎದುರಿನ ವಸ್ತು ದೊಡ್ಡದಾಗಿ ಕಾಣುವುದು, ಪಕ್ಕದ್ದು ಮಾಯವಾಗುವುದು. ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಈ ತೊಂದರೆ ಕಡಿಮೆ. ಆದರೆ ನಡುಗುವ ಕೈಯವರು ಅದನ್ನು ಪ್ರತಿದಿನ ಹಾಕಿ ತೆಗೆಯುವುದು ಹೇಗೆ? ಹಾಕಿದ್ದು ವಾರಗಟ್ಟಲೆ ಅಲ್ಲೇ ಇದ್ದರೆ ಒಳ್ಳೆಯದಲ್ಲವೆ? ಲಂಡನ್ನಿನ ಜಾನ್ ಡಿ ಕಾರ್ಲ್ ಎಂಬವರು 1970ರ ದಶಕದಲ್ಲಿ ಹೆಚ್ಚು ನೀರಿನಂಶದ ಲೆನ್ಸನ್ನು ಈ ದಿಕ್ಕಿನಲ್ಲಿ ಬೆಳೆಸಿದರು. ಇದು ನಿಜವಾದ ಅಗತ್ಯ. ಇಂದಿಗೂ ಕಾರ್ನಿಯದ ಮೇಲೆ ನೀರುಗುಳ್ಳೆಗಳೆದ್ದು ನರಳುವವರಿಗೆ, ಕೆಲವು ಶಸ್ತ್ರಚಿಕಿತ್ಸೆಗಳಾದ ಮೇಲೆ, ವೈದ್ಯರೇ ಲೆನ್ಸನ್ನು ಗಾಯದ ಪಟ್ಟಿಯಂತೆ ಹಗಲು ರಾತ್ರಿ ಇಟ್ಟು ಕಾಯುವುದುಂಟು.

1981ರಲ್ಲಿ ಅಮೆರಿಕದ ಅಧಿಕಾರಿಗಳು ಆರೋಗ್ಯವಂತ ಕಣ್ಣಿನವರಿಗೂ, ಬರೀ ಸಮೀಪದೃಷ್ಟಿಯವರಿಗೂ, ಮೂವತ್ತು ದಿನ ನಿರಂತರ ಹಾಕಿಕೊಳ್ಳುವ ಲೆನ್ಸಿಗೆ ಅನುಮತಿ ಕೊಟ್ಟರು. ಹಾಕಿ ತೆಗೆಯಲು ಆಗದವರಿಗಾಗಿ ಬೆಳೆದದ್ದು ಹಾಕಿ ತೆಗೆಯಲು ಬೇಸರಪಡುವವರ ಕೈಗೆ ಬಂತು. ಎಂಟೇ ವರ್ಷಗಳಲ್ಲಿ ಫಲ ಕಂಡಿತು. 1989ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಮೆರಿಕದ ಅಧ್ಯಯನದ ಪ್ರಕಾರ, ಮೆತ್ತನೆ ಲೆನ್ಸನ್ನು ಹಗಲು ಮಾತ್ರ ಹಾಕುವವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ನಾಲ್ಕು ಜನರಿಗೆ ಕಾರ್ನಿಯದ ಹುಣ್ಣಾಗುತ್ತಿತ್ತು. ನಿರಂತರ ಬಳಕೆಯ ಲೆನ್ಸಿನವರಲ್ಲಿ ಈ ಸಂಖ್ಯೆ ಸುಮಾರು ಇಪ್ಪತ್ತೊಂದು. ಅದೇ ವರ್ಷ ಅನುಮತಿಯನ್ನು ಮೂವತ್ತು ದಿನದಿಂದ ಏಳು ದಿನಕ್ಕೆ ಇಳಿಸಲಾಯಿತು.

ರೆಪ್ಪೆಯ ಎರಡು ಕೆಲಸ

ಏಕೆ ಹೀಗೆ? ಕರಿಗುಡ್ಡೆಯ ಮೇಲಿನ ಪಾರದರ್ಶಕ ಪರದೆಗೆ ಕಾರ್ನಿಯ ಎಂದು ಹೆಸರು. ಅದರ ಮಧ್ಯದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಬೆಳಕು ಅಡ್ಡಿಯಿಲ್ಲದೆ ಹೋಗಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿಲ್ಲ. ಉಸಿರಾಡಲು ಬೇಕಾದ ಆಮ್ಲಜನಕವನ್ನು ಅದು ನೇರವಾಗಿ ಹೊರಗಿನ ಗಾಳಿಯಿಂದ, ಕಣ್ಣೀರಿನ ತೆಳು ಪದರದ ಮೂಲಕ ಪಡೆಯುತ್ತದೆ. ರೆಪ್ಪೆ ಮುಚ್ಚಿದಾಗ ಗಾಳಿ ಇಲ್ಲ. ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಬರುವುದೇ ಗತಿ. ಆಗ ದೊರೆಯುವ ಆಮ್ಲಜನಕದ ಒತ್ತಡ ಎಚ್ಚರದಲ್ಲಿ ದೊರೆಯುವುದರ ಮೂರನೆಯ ಒಂದು ಭಾಗದಷ್ಟು. ಲೆನ್ಸಿಲ್ಲದ ಆರೋಗ್ಯವಂತ ಕಣ್ಣು ಕೂಡ ರಾತ್ರಿ ನೂರಕ್ಕೆ ಮೂರು ನಾಲ್ಕು ಪಾಲು ಊದಿಕೊಂಡು, ಬೆಳಗ್ಗೆ ಎದ್ದ ಮೇಲೆ ಸರಿಹೋಗುತ್ತದೆ. ಹಳೆಯ ಕಾಲದ ಮೆತ್ತನೆ ಲೆನ್ಸು ಹಾಕಿ ಮಲಗಿದರೆ ಊತ ನೂರಕ್ಕೆ ಹತ್ತನ್ನೂ ಮೀರುತ್ತಿತ್ತು.

ಕಣ್ಣು ಮಿಟುಕಿಸುವಾಗಲೆಲ್ಲ ರೆಪ್ಪೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕಣ್ಣೀರನ್ನು ಹೊಸದಾಗಿ ಸವರಿ, ಧೂಳನ್ನೂ ರೋಗಾಣುಗಳನ್ನೂ ತೊಳೆದು ಸಾಗಿಸುತ್ತದೆ. ಕಣ್ಣೀರಿನಲ್ಲಿ ಲೈಸೊಜೈಮ್ ಎಂಬ ರೋಗಾಣುನಾಶಕ ವಸ್ತುವಿದೆ. ಪೆನಿಸಿಲಿನ್ ಖ್ಯಾತಿಯ ಅಲೆಕ್ಸಾಂಡರ್ ಫ್ಲೆಮಿಂಗ್ ಅದನ್ನು ಪತ್ತೆ ಮಾಡಿದ್ದು ಪೆನಿಸಿಲಿನ್ನಿಗಿಂತ ಮುಂಚೆ. ನಿದ್ದೆಯಲ್ಲಿ ಈ ತೊಳೆಯುವ ಕೆಲಸ ನಿಲ್ಲುತ್ತದೆ. ಲೆನ್ಸು ಮತ್ತು ಕಾರ್ನಿಯದ ನಡುವೆ ಸಿಕ್ಕಿದ ನೀರು ನಿಂತ ನೀರಾಗುತ್ತದೆ. ಕಣ್ಣನ್ನು ಕಾಯುವ ರೆಪ್ಪೆಯೇ, ನಡುವೆ ಲೆನ್ಸೊಂದು ಬಂದಾಗ, ರಾತ್ರಿಯ ಹೊತ್ತು ಬಾಗಿಲು ಮುಚ್ಚಿ ಬೀಗ ಹಾಕಿದಂತಾಗುತ್ತದೆ. ಒಳಗೆ ಸೂಡೊಮೊನಾಸ್‌ನಂಥ ರೋಗಾಣು ಸೇರಿ, ಕಾರ್ನಿಯದ ಮೇಲೆ ಒಂದು ಸಣ್ಣ ಗೀರಿದ್ದರೂ ಸಾಕು, ಒಂದೆರಡು ದಿನಗಳಲ್ಲಿ ಅದು ಕಾರ್ನಿಯವನ್ನು ಕರಗಿಸಿಬಿಡಬಲ್ಲದು. ಹುಣ್ಣು ವಾಸಿಯಾದರೂ ಬಿಳಿ ಕಲೆ ಉಳಿಯಬಹುದು. ಕಲೆ ನಡುವೆ ಬಿದ್ದರೆ ದೃಷ್ಟಿ ಹೋದಂತೆಯೇ.

ವಿಜ್ಞಾನಿಗಳು ಸುಮ್ಮನೆ ಕೂರಲಿಲ್ಲ. ಆಸ್ಟ್ರೇಲಿಯದ ಬ್ರಿಯೆನ್ ಹೋಲ್ಡನ್ ಮತ್ತು ಜಾರ್ಜ್ ಮರ್ಟ್ಸ್ ಅವರು 1984ರಲ್ಲಿ, ರಾತ್ರಿ ಹಾಕಿ ಮಲಗುವ ಲೆನ್ಸಿನ ಮೂಲಕ ಎಷ್ಟು ಆಮ್ಲಜನಕ ಹಾಯಬೇಕೆಂಬುದಕ್ಕೆ ಒಂದು ಅಳತೆ ಕಟ್ಟಿದರು. ಹಗಲಿಗೆ ಸಾಕಾಗುವುದರ ಮೂರೂವರೆ ಪಟ್ಟಿಗಿಂತ ಹೆಚ್ಚು ಬೇಕೆಂದು ಕಂಡುಬಂತು. 1999ರ ಸುಮಾರಿಗೆ ಆ ಅಳತೆಯನ್ನು ಮುಟ್ಟುವ ಸಿಲಿಕೋನ್ ಹೈಡ್ರೊಜೆಲ್ ಲೆನ್ಸುಗಳು ಮಾರುಕಟ್ಟೆಗೆ ಬಂದವು. ನಿರಂತರ ಬಳಕೆಯ ಲೆನ್ಸಿನ ಅಧ್ಯಯನಗಳು ಸಿಡ್ನಿಯಲ್ಲಿ ಮಾತ್ರವಲ್ಲ, ಚಿತ್ರನಿರ್ಮಾಪಕ ಎಲ್.ವಿ. ಪ್ರಸಾದರ ಉದಾರ ದಾನದಿಂದ ನಿಂತ ಹೈದರಾಬಾದಿನ ನೇತ್ರ ಸಂಸ್ಥೆಯಲ್ಲೂ ನಡೆದವು. 2001ರಲ್ಲಿ ಅಮೆರಿಕದಲ್ಲಿ ಮೂವತ್ತು ದಿನದ ಅನುಮತಿ ಮತ್ತೆ ಬಂತು. ಇನ್ನೇನು, ಸಮಸ್ಯೆ ತೀರಿತೆಂದು ಹಲವರು ಭಾವಿಸಿದರು.

ಊತವೇನೋ ಕಡಿಮೆಯಾಯಿತು. ಸೋಂಕು ಕಡಿಮೆಯಾಗಲಿಲ್ಲ. ಆಸ್ಟ್ರೇಲಿಯದಲ್ಲಿ ದೇಶವ್ಯಾಪಿಯಾಗಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ಬಗೆಯ ಮೆತ್ತನೆ ಲೆನ್ಸನ್ನು ಹಗಲು ಮಾತ್ರ ಹಾಕುವವರಲ್ಲಿ ಸೋಂಕಿನ ಹುಣ್ಣು ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು ಎರಡು; ಅದನ್ನೇ ಹಾಕಿಕೊಂಡು ಮಲಗುವವರಲ್ಲಿ ಹತ್ತೊಂಬತ್ತೂವರೆ; ಹೊಸ ಸಿಲಿಕೋನ್ ಲೆನ್ಸು ಹಾಕಿಕೊಂಡು ಮಲಗುವವರಲ್ಲಿ ಇಪ್ಪತ್ತೈದರಷ್ಟು. ಮುಖ್ಯ ಕಾರಣ ಲೆನ್ಸಿನ ಜಾತಿಯಲ್ಲ, ಹಾಕಿಕೊಂಡು ಮಲಗುವ ಅಭ್ಯಾಸ ಎಂದಾಯಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಹುಣ್ಣಾದವರಲ್ಲಿ ಹೆಚ್ಚಿನವರಿಗೆ ಸಕಾಲದ ಚಿಕಿತ್ಸೆಯಿಂದ ದೃಷ್ಟಿ ಉಳಿಯುತ್ತದೆ. ದೃಷ್ಟಿ ಕಳೆದುಕೊಳ್ಳುವವರು ಕೆಲವರು ಮಾತ್ರ.

ಮೂರು ಬಾಗಿಲು

ಈಗ ಪ್ರಶ್ನೆಗೆ ಬರೋಣ. ನಮ್ಮ ಕಚೇರಿಯ ಕನ್ನಡಿಗ ಸಹೋದ್ಯೋಗಿಯೊಬ್ಬರ ಮಗಳು ಕಂಪ್ಯೂಟರ್ ಕಂಪನಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಳು. ಮೈನಸ್ ಆರರ ಪವರು. ಬೆಳಗಿನ ಜಾವ ವ್ಯಾನಿನಲ್ಲೇ ನಿದ್ದೆ ಹೋಗುವವಳಿಗೆ ಲೆನ್ಸು ತೆಗೆಯುವುದು, ತೊಳೆಯುವುದು ದೊಡ್ಡ ಕಿರಿಕಿರಿ. ಹಾಕಿಕೊಂಡೇ ಮಲಗುವ ಲೆನ್ಸು ಬೇಕೆಂದು ತಂದೆಯನ್ನು ಕರೆದುಕೊಂಡು ಪ್ಯಾರೀಸ್ ಕಾರ್ನರಿಗೆ ಬಂದಳು. ಅವರಿಗೆ ಮೂರು ಕಡೆ ಮೂರು ಉತ್ತರ ಸಿಕ್ಕಿತು.

ಮೊದಲನೆಯ ಕಡೆ ಇದ್ದವರು ಆಪ್ಟೋಮೆಟ್ರಿ ಓದಿದ ತರುಣರು. ಪರೀಕ್ಷೆ ಮಾಡಿ, “ನಿಮ್ಮ ಕಣ್ಣಿಗೆ ಇದರ ಅಗತ್ಯವಿಲ್ಲಮ್ಮಾ. ದಿನಕ್ಕೊಂದು ಬಿಸಾಡುವುದನ್ನು ಕೊಡುತ್ತೇನೆ, ತೊಳೆಯುವ ಗೋಜಿಲ್ಲ. ಹಾಕಿಕೊಂಡು ಮಲಗುವುದಕ್ಕೆ ಮಾತ್ರ ನಾನು ಕೊಡುವುದಿಲ್ಲ” ಎಂದರು.

ಎರಡನೆಯ ಕಡೆ ಇದ್ದವರು ಹಿರಿಯರು. ಅವರು ಕೊಡುತ್ತೇನೆ ಎಂದರು, ಆದರೆ ಕೂಡಲೆ ಕೊಡಲಿಲ್ಲ. ಸ್ಲಿಟ್ ಲ್ಯಾಂಪಿನಲ್ಲಿ ಕಾರ್ನಿಯ ನೋಡಿದರು, ರೆಪ್ಪೆಯ ಅಂಚು ನೋಡಿದರು, ಕಣ್ಣೀರು ಸಾಕಷ್ಟಿದೆಯೇ ಎಂದು ಪರೀಕ್ಷಿಸಿದರು. ಸಕ್ಕರೆ ಕಾಯಿಲೆ ಇದೆಯೆ, ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರೆಯೆ, ಈಜುವ ಅಭ್ಯಾಸವಿದೆಯೆ, ಮನೆಗೆ ಬರುವುದು ಟ್ಯಾಂಕರ್ ನೀರೆ, ಬೋರಿನ ನೀರೆ ಎಂದೆಲ್ಲ ಕೇಳಿದರು. ನಲ್ಲಿ ನೀರಿನಲ್ಲಿ ಲೆನ್ಸು ತೊಳೆದರೆ ಅಕಾಂತಮೀಬ ಎಂಬ ಜೀವಿ ಸೇರಿಕೊಳ್ಳಬಹುದು, ಅದರ ಹುಣ್ಣು ಗುಣವಾಗುವುದು ಬಹಳ ಕಷ್ಟ ಎಂದರು. ಮೊದಲು ಎರಡು ವಾರ ಹಗಲು ಮಾತ್ರ. ಆಮೇಲೆ ಒಂದು ರಾತ್ರಿ. ಮರುದಿನ ಎದ್ದ ಕೂಡಲೆ, ಲೆನ್ಸು ತೆಗೆಯದೆ, ಬಂದು ತೋರಿಸಬೇಕು. ಬಳಿಕ ಒಂದು ವಾರಕ್ಕೆ, ಒಂದು ತಿಂಗಳಿಗೆ, ಅನಂತರ ಮೂರು ತಿಂಗಳಿಗೊಮ್ಮೆ. ಆರು ರಾತ್ರಿಗಿಂತ ಹೆಚ್ಚಿಲ್ಲ. ಏಳನೆಯ ರಾತ್ರಿ ಕಣ್ಣಿಗೆ ರಜೆ. ಮನೆಯಲ್ಲಿ ಸರಿಯಾದ ಪವರಿನ ಕನ್ನಡಕ ಇರಲೇಬೇಕು. ಪ್ರತಿದಿನ ಕನ್ನಡಿಯ ಮುಂದೆ ಮೂರು ಪ್ರಶ್ನೆ: ಕಣ್ಣು ಕೆಂಪಾಗಿದೆಯೆ? ನೋಯುತ್ತಿದೆಯೆ? ಮಂಜಾಗಿದೆಯೆ? ಒಂದಕ್ಕೆ ಹೌದೆಂದರೂ ಲೆನ್ಸು ತೆಗೆದು ಅದೇ ದಿನ ಬರಬೇಕು.

ತಂದೆ ಕೇಳಿದರು: “ಇಷ್ಟೆಲ್ಲ ಭಯವಿದ್ದರೆ ತಾವು ಕೊಡುವುದಾದರೂ ಏಕೆ ಸಾರ್?” ಆ ಹಿರಿಯರು ಹುಡುಗಿಯ ಕಡೆ ತಿರುಗಿ, “ನಾನು ಇಲ್ಲ ಎಂದರೆ ಮಲಗುವಾಗ ತೆಗೆದಿಡುತ್ತೀಯಾ, ನಿಜ ಹೇಳು ಮಗಳೆ” ಎಂದರು. ಅವಳು ಉತ್ತರ ಕೊಡಲಿಲ್ಲ.

ಮೂರನೆಯ ಕಡೆ ಯಾರೂ ಏನೂ ಕೇಳಲಿಲ್ಲ. ಪವರು ಕೇಳಿ ಪೆಟ್ಟಿಗೆ ಎತ್ತಿ ಕೊಡಲು ಸಿದ್ಧರಿದ್ದರು. “ಎಲ್ಲಾ ವಿವರ ಒಳಗಿನ ಕಾಗದದಲ್ಲಿದೆ” ಎಂದರಂತೆ.

ಮೂರನೆಯದು ಸರಿಯಲ್ಲವೆಂದು ಹೇಳಲು ಹೆಚ್ಚು ಯೋಚಿಸಬೇಕಾಗಿಲ್ಲ. ನಿಜವಾದ ವಾದವಿರುವುದು ಮೊದಲನೆಯವರಿಗೂ ಎರಡನೆಯವರಿಗೂ ನಡುವೆ.

ಮೊದಲನೆಯವರ ಪಕ್ಷ ಹೀಗೆ: ರೋಗಕ್ಕೆ ಮದ್ದು ಕೊಡುವಾಗ ಅಪಾಯವನ್ನು ಲಾಭದೊಡನೆ ತೂಗುತ್ತೇವೆ. ಇಲ್ಲಿ ರೋಗವೇ ಇಲ್ಲ. ಹಗಲು ಲೆನ್ಸಾಗಲಿ ಕನ್ನಡಕವಾಗಲಿ ಅದೇ ದೃಷ್ಟಿ ಕೊಡುತ್ತದೆ. ಉಳಿಯುವುದು ದಿನಕ್ಕೆ ಐದು ನಿಮಿಷದ ಕೆಲಸ. ಐದು ನಿಮಿಷ ಉಳಿಸಲು ಹತ್ತು ಪಟ್ಟು ಅಪಾಯವನ್ನು ನನ್ನ ಕೈಯಿಂದ ಹೇಗೆ ಕೊಡಲಿ?

ಎರಡನೆಯವರ ಪಕ್ಷ: ಜನ ಹೇಗಿರಬೇಕೆಂದು ನಾವು ಬಯಸುತ್ತೇವೋ ಹಾಗಿರುವುದಿಲ್ಲ. ಮಲಗಬಾರದ ಲೆನ್ಸನ್ನು ಹಾಕಿಕೊಂಡೇ ಮಲಗುವವರು ಎಷ್ಟೋ ಮಂದಿ. ನಾನು ಕೈಬಿಟ್ಟರೆ ಅವಳು ಮೂರನೆಯ ಬಾಗಿಲಿಗೆ ಹೋಗುತ್ತಾಳೆ. ನನ್ನ ಕಣ್ಣ ಮುಂದೆ, ತಕ್ಕ ಲೆನ್ಸಿನಲ್ಲಿ, ಲೆಕ್ಕ ಇಟ್ಟುಕೊಂಡು ನಡೆಯಲಿ. ಅವಳು ವಯಸ್ಕಳು, ನಿರ್ಧಾರ ಅವಳದು.

ಎರಡೂ ಪಕ್ಷ ಗೌರವಕ್ಕೆ ಯೋಗ್ಯ. ಆದರೆ ಎರಡನೆಯ ಪಕ್ಷದ ಕೊನೆಯ ವಾಕ್ಯ ನನ್ನನ್ನು ಕಾಡುತ್ತದೆ. ನಿರ್ಧಾರ ಅವಳದು ಎಂದ ಕೂಡಲೆ ಕೊಟ್ಟವರ ಹೊಣೆ ತೀರಿತೆ?

ಒಪ್ಪಿಗೆ ಎಂದರೇನು?

ಸಮ್ಮತಿಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿದೆ. ಸಮೀರಾ ಕೊಹ್ಲಿ ಪ್ರಕರಣ ಎಂದು ಅದಕ್ಕೆ ಹೆಸರು. ಪೀಠದ ಪರವಾಗಿ ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಆರ್.ವಿ. ರವೀಂದ್ರನ್. ಅದು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಮೊಕದ್ದಮೆ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಬೇರೆ ದಾರಿಗಳು, ಗಣನೀಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನು ವೈದ್ಯರು ತಿಳಿಸಬೇಕು. ಆದರೆ ರೋಗಿಯನ್ನು ಹೆದರಿಸಿ ಅಗತ್ಯ ಚಿಕಿತ್ಸೆಯಿಂದಲೇ ಹಿಂಜರಿಯುವಂತೆ ಮಾಡುವ ದೂರದ ಅಪಾಯಗಳನ್ನು ಹೇಳಬೇಕಾಗಿಲ್ಲ ಎಂಬುದು ಅದರ ಸಾರ.

ಇದನ್ನು ನಮ್ಮ ವಿಷಯಕ್ಕೆ ಹಚ್ಚಿ ನೋಡೋಣ. ಹತ್ತು ಸಾವಿರಕ್ಕೆ ಇಪ್ಪತ್ತು ಎಂದರೆ ಐನೂರಕ್ಕೆ ಒಂದು. ದೂರದ ಅಪಾಯವೆಂದು ತೋರುತ್ತದೆ. ಆದರೆ ಅದು ಒಂದು ವರ್ಷದ ಲೆಕ್ಕ. ಇಪ್ಪತ್ತನೆಯ ವಯಸ್ಸಿನಿಂದ ಮೂವತ್ತರವರೆಗೆ ಹಾಕಿಕೊಂಡರೆ ಐವತ್ತಕ್ಕೆ ಒಂದಾಯಿತು. ಐನೂರು ಜನ ಸೇರಿದ ರಾಜ್ಯೋತ್ಸವ ಸಭೆಯನ್ನು ಊಹಿಸಿಕೊಳ್ಳಿ. ಎಲ್ಲರೂ ಇಂಥ ಲೆನ್ಸು ಹಾಕಿಕೊಂಡು ಮಲಗುವವರಾದರೆ, ಪ್ರತಿ ರಾಜ್ಯೋತ್ಸವಕ್ಕೂ ಸರಾಸರಿ ಒಬ್ಬರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿರುತ್ತಾರೆ. ಹತ್ತನೆಯ ವರ್ಷಕ್ಕೆ ಹತ್ತು ಮಂದಿಗೆ ಆ ಅನುಭವವಾಗಿರುತ್ತದೆ.

ಇನ್ನೊಂದು ಅಂಶ ಇದಕ್ಕಿಂತ ಮುಖ್ಯವೆಂದು ನನ್ನ ಭಾವನೆ. ದೂರದ ಅಪಾಯವನ್ನು ಹೇಳಬೇಕಾಗಿಲ್ಲ ಎನ್ನುವುದಕ್ಕೆ ಕಾರಣವೇನು? ಹೆದರಿದ ರೋಗಿ ಬೇಕಾದ ಚಿಕಿತ್ಸೆಯನ್ನೇ ಬಿಟ್ಟು ಕೆಡಬಾರದು ಎಂಬುದು. ಇಲ್ಲಿ ಹುಡುಗಿ ಹೆದರಿ ಹಿಂದೆ ಸರಿದರೆ ಕೆಡುವುದೇನು? ಏನೂ ಇಲ್ಲ, ರಾತ್ರಿ ಲೆನ್ಸು ತೆಗೆದಿಡುತ್ತಾಳೆ, ಅಷ್ಟೆ. ಆದುದರಿಂದ ಅನುಕೂಲಕ್ಕಾಗಿ ಕೊಡುವ ವಸ್ತುವಿನ ವಿಷಯದಲ್ಲಿ ಸಣ್ಣ ಅಪಾಯವನ್ನೂ ಮುಚ್ಚಿಡಲು ಯಾವ ಧರ್ಮದ ಆಧಾರವೂ ಇಲ್ಲ. ಅಗತ್ಯ ಕಡಿಮೆಯಾದಷ್ಟೂ ಹೇಳಬೇಕಾದ ಹೊಣೆ ಹೆಚ್ಚುತ್ತದೆ.

ಹೇಳುವುದೆಂದರೆ ಹೇಗೆ ಹೇಳುವುದು? ಪೆಟ್ಟಿಗೆಯ ಒಳಗಿನ ಕಾಗದದಲ್ಲಿ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲವೂ ಇರುತ್ತದೆ. ಪರಸ್ಥಳದಲ್ಲಿ ಬದುಕುವ ನಮಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಊರಿನಿಂದ ಬಂದ ತಾಯಂದಿರನ್ನು ಆಸ್ಪತ್ರೆಗೆ ಕರೆದೊಯ್ದಾಗ, ಓದಲಾಗದ ಭಾಷೆಯ ಕಾಗದದ ಮೇಲೆ ಅವರು ಬೆರಳು ತೋರಿದ ಕಡೆ ರುಜು ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಆ ರುಜುವಿನಲ್ಲಿ ಸಮ್ಮತಿ ಎಷ್ಟಿದೆ? ಡಾಕ್ಟರ ಮೇಲಿನ ನಂಬಿಕೆ ಇದೆ, ಮಗನ ಮೇಲಿನ ಭರವಸೆ ಇದೆ. ಅಂಥ ನಂಬಿಕೆಯನ್ನು ಪಡೆದವರಿಗೆ ರುಜು ಪಡೆದವರಿಗಿಂತ ದೊಡ್ಡ ಸಾಲ ಇರುತ್ತದೆ.

ಮೇಲಾಗಿ, ಲೆನ್ಸಿನ ವಿಷಯದಲ್ಲಿ ಸಮ್ಮತಿ ಒಂದು ದಿನದ ಮಾತಲ್ಲ. ಶಸ್ತ್ರಚಿಕಿತ್ಸೆಗೆ ಒಮ್ಮೆ ಒಪ್ಪಿದರೆ ಮುಗಿಯಿತು. ಇಲ್ಲಿ ಪ್ರತಿ ರಾತ್ರಿಯೂ ಹೊಸ ಒಪ್ಪಿಗೆ. ಮೊದಲ ತಿಂಗಳು ಹೆದರಿ ನಿಯಮ ಪಾಲಿಸಿದವರು ಆರನೆಯ ತಿಂಗಳಲ್ಲಿ ‘ಇಷ್ಟು ದಿನ ಏನೂ ಆಗಲಿಲ್ಲವಲ್ಲ’ ಎಂದು ಎಂಟು ರಾತ್ರಿ, ಹತ್ತು ರಾತ್ರಿ ಎಳೆಯುತ್ತಾರೆ. ಬಹುಕಾಲ ಲೆನ್ಸು ಹಾಕಿದವರ ಕಾರ್ನಿಯದಲ್ಲಿ ನೋವಿನ ಅರಿವು ಮಂದವಾಗುವುದೂ ಉಂಟು. ಎಚ್ಚರಿಸಬೇಕಾದ ನೋವು ತಡವಾಗಿ ಬರುತ್ತದೆ. ಅಂಚಿನಿಂದ ಒಳಕ್ಕೆ ತೆವಳುವ ಸೂಕ್ಷ್ಮ ರಕ್ತನಾಳಗಳು, ಮೇಲ್ಪದರದಲ್ಲಿ ಏಳುವ ಅಣುಗುಳ್ಳೆಗಳು ಹಾಕಿಕೊಂಡವರಿಗೆ ಕಾಣುವುದಿಲ್ಲ. ಸ್ಲಿಟ್ ಲ್ಯಾಂಪಿನ ಹಿಂದೆ ಕುಳಿತವರಿಗೆ ಮಾತ್ರ ಕಾಣುತ್ತವೆ. ತಿಳಿವಳಿಕೆ ಹೀಗೆ ಒಂದು ಕಡೆಗೇ ಇರುವಾಗ ‘ನೀನೇ ಒಪ್ಪಿದೆಯಲ್ಲ’ ಎಂಬ ಮಾತು ನ್ಯಾಯವಾಗಲಾರದು. ನಿರಂತರ ಬಳಕೆಗೆ ಲೆನ್ಸು ಕೊಟ್ಟವರು ನಿರಂತರ ನೋಡಿಕೊಳ್ಳುವ ಹೊಣೆಯನ್ನೂ ಹೊತ್ತಂತೆಯೇ.

ಆ ಹುಡುಗಿಯ ಕಥೆಯನ್ನು ಮುಗಿಸಿಬಿಡುತ್ತೇನೆ. ಅವಳು ಎರಡನೆಯವರಲ್ಲಿ ಲೆನ್ಸು ತೆಗೆದುಕೊಂಡಳು. ಮೊದಲ ಮೂರು ಭೇಟಿಗೆ ಹೋದಳು. ನಾಲ್ಕನೆಯದಕ್ಕೆ ಪಾಳಿಯ ಕಾರಣದಿಂದ ಹೋಗಲಿಲ್ಲ. ಹೊಸ ಪೆಟ್ಟಿಗೆ ಕೇಳಲು ತಂದೆ ಹೋದಾಗ ಆ ಹಿರಿಯರು, “ಕಣ್ಣು ಬರಲಿ, ಆಮೇಲೆ ಪೆಟ್ಟಿಗೆ” ಎಂದು ಬರಿಗೈಯಲ್ಲಿ ಕಳಿಸಿದರು. ಸಹೋದ್ಯೋಗಿಗೆ ಕೋಪ ಬಂದಿತ್ತು. ಹುಡುಗಿ ಮಾತ್ರ ಎರಡು ದಿನ ಯೋಚಿಸಿ, ಇಷ್ಟು ಓಡಾಟಕ್ಕಿಂತ ರಾತ್ರಿ ತೆಗೆಯುವುದೇ ಸುಲಭವೆಂದು ದಿನಕ್ಕೊಂದು ಬಿಸಾಡುವ ಲೆನ್ಸಿಗೆ ಬದಲಾಯಿಸಿಕೊಂಡಳು. ವ್ಯಾಪಾರ ಕಳೆದುಕೊಳ್ಳಲು ಸಿದ್ಧರಿದ್ದ ಆ ಹಿರಿಯರಿಗೆ ‘ಕೊಡುತ್ತೇನೆ’ ಎನ್ನುವ ಅಧಿಕಾರವೂ ಇತ್ತೆಂದು ನನಗೆ ತೋರುತ್ತದೆ. ಹಿಂತೆಗೆದುಕೊಳ್ಳುವ ಧೈರ್ಯವಿಲ್ಲದವರಿಗೆ ಮೊದಲನೆಯ ತರುಣರ ದಾರಿಯೇ ಮೇಲು.

ನನ್ನ ಕಣ್ಣು, ನನ್ನ ಇಷ್ಟ?

ಹಾಕಿಕೊಳ್ಳುವವರ ಕಡೆಯಿಂದ ಒಂದು ಮಾತು ಕೇಳಿಬರುತ್ತದೆ: ‘ನನ್ನ ಕಣ್ಣು, ನನ್ನ ಇಷ್ಟ, ಕೆಟ್ಟರೆ ನನಗೇ ಕೆಡುತ್ತದೆ.’ ಇದು ಪೂರ್ತಿ ನಿಜವೆ? ಹುಣ್ಣಿನಿಂದ ಕಲೆಯಾದ ಕಾರ್ನಿಯವನ್ನು ಬದಲಿಸಲು ಇನ್ನೊಬ್ಬರ ಕಾರ್ನಿಯ ಬೇಕು. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಸತ್ತವರ ಮನೆಯವರು, ಅಳುವಿನ ನಡುವೆ, ಕೆಲವೇ ಗಂಟೆಗಳೊಳಗೆ ಒಪ್ಪಿ ಕೊಡಬೇಕು. 2006ರ ಏಪ್ರಿಲ್‌ನಲ್ಲಿ ಡಾ. ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 1954ರಲ್ಲಿ, ನಮ್ಮ ಕನ್ನಡ ಚಿತ್ರಗಳು ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ, ದೇವರಿಗೆ ಕಣ್ಣು ಕಿತ್ತುಕೊಟ್ಟ ಬೇಡರ ಕಣ್ಣಪ್ಪನಾಗಿ ಅವರು ತೆರೆಗೆ ಬಂದಿದ್ದರು. 2021ರ ಅಕ್ಟೋಬರ್‌ನಲ್ಲಿ ಅವರ ಮಗ ಪುನೀತ್ ಅಕಾಲದಲ್ಲಿ ಹೋದಾಗ ಅವರ ಎರಡು ಕಣ್ಣುಗಳ ಕಾರ್ನಿಯಗಳಿಂದ ನಾಲ್ವರಿಗೆ ದೃಷ್ಟಿ ಬಂತು.

ನಮ್ಮ ದೇಶದಲ್ಲಿ ಇಂಥ ದಾನ ಬೇಡಿಕೆಗೆ ಸಾಲದು. ಮದುರೆಯ ಕಡೆ 1990ರ ದಶಕದಲ್ಲಿ ನಡೆದ ಅಧ್ಯಯನ ತೋರಿಸಿದಂತೆ, ದಕ್ಷಿಣ ಭಾರತದಲ್ಲಿ ಕಾರ್ನಿಯದ ಹುಣ್ಣುಗಳಲ್ಲಿ ಸುಮಾರು ಅರ್ಧ ಶಿಲೀಂಧ್ರದವು. ಹೊಲದಲ್ಲಿ ದುಡಿಯುವವರ ಕಣ್ಣಿಗೆ ಪೈರಿನ ಗರಿ, ಕಡ್ಡಿ ತಗುಲಿ ಆಗುವಂಥವು. ಕಳೆ ಕೀಳುವಾಗ ಕಣ್ಣು ಕಳೆದುಕೊಂಡ ಹೆಂಗಸು ಕಾರ್ನಿಯಕ್ಕಾಗಿ ಕಾದಿರುವ ಸಾಲಿನಲ್ಲೇ, ಲೆನ್ಸು ತೆಗೆಯಲು ಬೇಸರಪಟ್ಟವರೂ ನಿಲ್ಲಬೇಕಾಗುತ್ತದೆ. ಸಾಲಿನಲ್ಲಿ ನಿಂತ ಮೇಲೆ ವೈದ್ಯರು ಭೇದ ಮಾಡುವುದಿಲ್ಲ, ಮಾಡಲೂಬಾರದು. ಭೇದ ಮಾಡಬೇಕಾದವರು ನಾವು, ಸಾಲಿಗೆ ಸೇರುವ ಮೊದಲೆ. ನನ್ನ ಕಣ್ಣು ಎನ್ನುವುದು ಅದು ಚೆನ್ನಾಗಿರುವವರೆಗಿನ ಮಾತು. ಕೆಟ್ಟಾಗ ಅದರ ದುರಸ್ತಿಗೆ ಊರೆಲ್ಲ ಬೇಕು.

ಹಾಗೆಂದು ಲೆನ್ಸೇ ಬೇಡವೆಂದು ನಾನು ಹೇಳುವುದಿಲ್ಲ. ಹೆಚ್ಚಿನ ಪವರಿನವರಿಗೆ, ಎರಡು ಕಣ್ಣಿನ ಪವರಿನಲ್ಲಿ ಬಹಳ ವ್ಯತ್ಯಾಸವಿರುವವರಿಗೆ ಅದು ವರದಾನ. ಪ್ರೇಯಸ್ಸು, ಶ್ರೇಯಸ್ಸು ಎಂದು ನಮ್ಮ ಹಿರಿಯರು ಎರಡು ದಾರಿಗಳನ್ನು ಬೇರ್ಪಡಿಸಿದರು. ಪ್ರಿಯವಾದದ್ದೆಲ್ಲ ಕೆಟ್ಟದ್ದೆಂದು ಅದರ ಅರ್ಥವಲ್ಲ. ಪ್ರಿಯವಾದದ್ದನ್ನು ಆರಿಸುವಾಗ ಅದರ ಬೆಲೆಯನ್ನೂ ನೋಡಬೇಕು, ಆ ಬೆಲೆಯನ್ನು ಯಾರು ಯಾರು ತೆರುತ್ತಾರೆಂದೂ ನೋಡಬೇಕು.

ಚೆನ್ನೈನಲ್ಲಿರುವ ನಮಗೆ ಸಲಹೆಗೆ ಬರವಿಲ್ಲ. ಎಗ್ಮೋರಿನ ಸರ್ಕಾರಿ ಕಣ್ಣಿನ ಆಸ್ಪತ್ರ 1819ರಷ್ಟು ಹಳೆಯದು. ಶಂಕರ ನೇತ್ರಾಲಯ 1978ರಿಂದ ಇದೆ. ಆಪ್ಟೋಮೆಟ್ರಿ ಕಲಿಸುವ ಕಾಲೇಜು ಇದೇ ಊರಿನಲ್ಲಿ 1985ರಲ್ಲಿ ತೆರೆಯಿತು. 2021ರ ಕೇಂದ್ರ ಕಾಯಿದೆಯೊಂದು ಆಪ್ಟೋಮೆಟ್ರಿಸ್ಟರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ. ಕಾಯಿದೆ ಮೂರನೆಯ ಬಾಗಿಲನ್ನು ಮುಚ್ಚುವವರೆಗೆ ಕಾಯಬೇಕಾಗಿಲ್ಲ. ಆ ಬಾಗಿಲಿಗೆ ಹೋಗದಿರುವುದು ನಮ್ಮ ಕೈಯಲ್ಲೇ ಇದೆ. ಮನೆಯಲ್ಲಿ ಲೆನ್ಸು ಹಾಕುವ ಮಕ್ಕಳಿದ್ದರೆ, ಈ ರಾತ್ರಿ ಊಟವಾದ ಮೇಲೆ, ಗದರಿಸದೆ ಒಂದು ಮಾತು ಕೇಳಿ: “ಲೆನ್ಸು ತೆಗೆದಿಟ್ಟೆಯಾ ಮಗಾ?”